ಡೈವ್ ಬ್ರೇಕ್ ಎಲ್ಲಿರಬೇಕು? ಎರಡನೇ ಮಹಾಯುದ್ಧದ ಡೈವ್ ಬಾಂಬರ್‌ಗಳ ಹೋಲಿಕೆ

ಎರಡನೇ ಮಹಾಯುದ್ಧದ ಡೈವ್ ಬಾಂಬರ್‌ಗಳ (ಗುರಿಯತ್ತ ಕಡಿದಾಗಿ ಧುಮುಕಿ ಬಾಂಬು ಬಿಡುವ ವಿಮಾನಗಳ) ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಧುಮುಕುವ ವೇಗ ತಗ್ಗಿಸುವ ಡೈವ್ ಬ್ರೇಕ್ ಎಂಬ ಒಂದೇ ಕೆಲಸದ ಉಪಕರಣಕ್ಕೆ ಒಬ್ಬೊಬ್ಬ ವಿನ್ಯಾಸಕಾರ ಒಂದೊಂದು ಜಾಗ ಹುಡುಕಿಕೊಂಡಿರುವುದು ಕಾಣುತ್ತದೆ. ಜರ್ಮನಿಯ ಯುಂಕರ್ಸ್ ಯು 87ರಲ್ಲಿ ಡೈವ್ ಬ್ರೇಕು ರೆಕ್ಕೆಯ ಮುಂಭಾಗದ ಅಡಿಯಲ್ಲಿದೆ. ಅಮೆರಿಕದ ಡಗ್ಲಸ್ ಡಾಂಟ್ಲೆಸ್‌ನಲ್ಲಿ ಅದು ರೆಕ್ಕೆಯ ಹಿಂದಿನ ಅಂಚಿಗೆ ಸರಿದಿದೆ. ವಲ್ಟೀ ವೆಂಜನ್ಸ್‌ನಲ್ಲಿ ರೆಕ್ಕೆಯ ಮೇಲೂ ಕೆಳಗೂ ಜೋಡಿಯಾಗಿ ತೆರೆದುಕೊಳ್ಳುತ್ತದೆ. ಡಾರ್ನಿಯರ್ ಡೋ 217ರಲ್ಲಂತೂ ರೆಕ್ಕೆಯನ್ನೇ ಬಿಟ್ಟು ಬಾಲದ ತುದಿಗೆ ಹೋಗಿ ಕೂತಿದೆ. ಈ ಜಾಗಗಳಲ್ಲಿ ಯಾವುದು ಯಾವ ವಿಮಾನಕ್ಕೆ ಸರಿ, ಯಾವುದು ಎಲ್ಲಿ ಕೈಕೊಟ್ಟಿತು ಎಂಬುದನ್ನು ಆ ಕಾಲದ ವಿನ್ಯಾಸಕಾರನ ಮೇಜಿನ ಮುಂದೆ ಕೂತು ಆರಿಸುವವರ ದೃಷ್ಟಿಯಿಂದ ಇಲ್ಲಿ ಹೋಲಿಸಲಾಗಿದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರೇಕು ಎಷ್ಟು ವೇಗ ತಗ್ಗಿಸುತ್ತದೆ ಎಂಬ ಪ್ರಶ್ನೆ ಇಲ್ಲಿ ಎರಡನೆಯದು, ಏಕೆಂದರೆ ತಟ್ಟೆಯನ್ನು ದೊಡ್ಡದು ಮಾಡಿದರೆ ವೇಗ ತಗ್ಗಿಯೇ ತಗ್ಗುತ್ತದೆ. ಬ್ರೇಕು ಕದಡಿದ ಗಾಳಿ ಬಾಲಕ್ಕೆ ಬಡಿಯುತ್ತದೆಯೇ, ಬ್ರೇಕು ತೆರೆದಾಗ ಮತ್ತು ಮುಚ್ಚಿದಾಗ ವಿಮಾನದ ಮೂಗು ಎತ್ತ ತಿರುಗುತ್ತದೆ ಎಂಬ ಎರಡು ಪ್ರಶ್ನೆಗಳೇ ಜಾಗವನ್ನು ನಿರ್ಧರಿಸಬೇಕು.

ಬ್ರೇಕು ಯಾಕೆ ಬೇಕಾಯಿತು

ಕಡಿದಾದ ಕೋನದಲ್ಲಿ ಕೆಳಗಿಳಿಯುವ ವಿಮಾನವನ್ನು ಎಂಜಿನ್ನಿನ ಜೊತೆಗೆ ಅದರ ತೂಕವೂ ಎಳೆಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಒಂದು ಹಂತದಲ್ಲಿ ತೂಕವೂ ತಡೆಯೂ ಸಮವಾಗಿ ವೇಗ ಅಲ್ಲಿಗೆ ನಿಲ್ಲಬೇಕು. ಆದರೆ 1930ರ ದಶಕದ ನಯವಾದ ಲೋಹದ ಏಕರೆಕ್ಕೆ ವಿಮಾನಗಳಲ್ಲಿ ಆ ಹಂತ ಬರುವ ಹೊತ್ತಿಗೆ ರೆಕ್ಕೆ ಮತ್ತು ಬಾಲ ತಾಳಿಕೊಳ್ಳುವ ಮಿತಿ ದಾಟಿಹೋಗಿರುತ್ತಿತ್ತು. 1936ರ ಜನವರಿ 24ರಂದು ಯು 87ರ ಮೊದಲ ಮಾದರಿ ವಿಮಾನ ಪರೀಕ್ಷಾ ಡೈವ್‌ನಲ್ಲಿ ಬಾಲ ಮುರಿದು ಬಿದ್ದು, ಅದರಲ್ಲಿದ್ದ ಇಬ್ಬರೂ ಸತ್ತರು. ಆ ವಿಮಾನದಲ್ಲಿ ಡೈವ್ ಬ್ರೇಕು ಇರಲಿಲ್ಲ. ಬ್ರೇಕು ಬಂದದ್ದು ಆ ನಂತರದ ಮಾದರಿಗಳಲ್ಲಿ.

ಬ್ರೇಕಿನಿಂದ ವಿಮಾನ ಮುರಿಯದೆ ಉಳಿಯುವುದಷ್ಟೇ ಅಲ್ಲದೆ ಗುರಿಯೂ ಸುಧಾರಿಸುತ್ತದೆ, ಅದನ್ನು ಸಣ್ಣ ಲೆಕ್ಕವೊಂದರಿಂದ ನೋಡಬಹುದು. ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ನೆಟ್ಟಗೆ ಇಳಿಯುತ್ತಿರುವ ವಿಮಾನವನ್ನು ಪೈಲಟ್ ಗುರುತ್ವದ ಆರು ಪಟ್ಟು ಬಲ ಹಾಕಿ ಮೇಲೆತ್ತುತ್ತಾನೆ ಎಂದುಕೊಳ್ಳೋಣ. ಅದರಲ್ಲಿ ಒಂದು ಪಟ್ಟು ವಿಮಾನದ ತೂಕ ಹೊರುವುದಕ್ಕೇ ಹೋಗುತ್ತದೆ ಎಂದು ಕಳೆದರೆ, ವಿಮಾನ ತಿರುಗುವ ವೃತ್ತದ ತ್ರಿಜ್ಯ ಸುಮಾರು 390 ಮೀಟರ್ ಆಗುತ್ತದೆ. ವೇಗ 650 ಕಿಲೋಮೀಟರ್ ಆದರೆ ಅದೇ ತ್ರಿಜ್ಯ ಸುಮಾರು 660 ಮೀಟರ್‌ಗೆ ಏರುತ್ತದೆ. ಅಂದರೆ ವೇಗವನ್ನು ಹಿಡಿದಿಟ್ಟ ವಿಮಾನ ಕಾಲು ಕಿಲೋಮೀಟರಿಗೂ ಹೆಚ್ಚು ಹತ್ತಿರಕ್ಕೆ ಹೋಗಿ ಬಾಂಬು ಬಿಡಬಹುದು. ಯು 87 ಸುಮಾರು 450 ಮೀಟರ್ ಎತ್ತರದಲ್ಲಿ ಬಾಂಬು ಬಿಡಲು ಸಾಧ್ಯವಾದದ್ದು ಈ ಕಾರಣದಿಂದಲೇ. ಇಳಿಯುವ ಹೊತ್ತು ಉದ್ದವಾಗುವುದರಿಂದ ಗುರಿಯನ್ನು ತಿದ್ದಿಕೊಳ್ಳಲು ಪೈಲಟ್‌ಗೆ ಇನ್ನಷ್ಟು ಕ್ಷಣಗಳು ಸಿಗುತ್ತವೆ, ಆದರೆ ನೆಲದ ಮೇಲಿನ ಫಿರಂಗಿಗಳಿಗೂ ಅಷ್ಟೇ ಕ್ಷಣಗಳು ಸಿಗುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಆರಿಸುವ ಮೊದಲು ಕೇಳಬೇಕಾದದ್ದು

ಗಾಳಿಗೆ ಅಡ್ಡವಾಗಿ ನಿಂತ ತಟ್ಟೆಯ ಹಿಂದೆ ಗಾಳಿ ಸುಳಿಸುಳಿಯಾಗಿ ಒಡೆಯುತ್ತದೆ. ಹೆದ್ದಾರಿಯಲ್ಲಿ ಲಾರಿಯ ಬೆನ್ನಿಗೇ ಸ್ಕೂಟರ್ ಓಡಿಸಿದವರಿಗೆ ಅದರ ಹೊಡೆತ ಎಂಥದ್ದೆಂದು ಗೊತ್ತಿರುತ್ತದೆ. ವಿಮಾನದಲ್ಲಿ ಆ ಸ್ಕೂಟರಿನ ಜಾಗದಲ್ಲಿರುವುದು ಬಾಲದ ಅಡ್ಡರೆಕ್ಕೆ ಮತ್ತು ಅದರ ಹಿಂದೆ ಮೂಗನ್ನು ಏರಿಸಿ ಇಳಿಸುವ ಫಲಕವಾದ ಎಲಿವೇಟರ್. ಸುಳಿಗಾಳಿ ಅಲ್ಲಿಗೆ ಬಡಿದರೆ ಬಾಲ ಗಡಗಡ ನಡುಗುತ್ತದೆ, ಗುರಿಯ ದುರ್ಬೀನಿನಲ್ಲಿ ಹಡಗು ಕುಣಿಯುತ್ತದೆ, ಕೊನೆಗೆ ಲೋಹವೇ ದಣಿದು ಬಿರಿಯಬಹುದು. ಆದ್ದರಿಂದ ಬ್ರೇಕಿನ ಜಾಗ ನೋಡುವಾಗ ಅದರಿಂದ ಹಿಂದಕ್ಕೆ ಒಂದು ಗೆರೆ ಎಳೆದು, ಆ ಗೆರೆ ಬಾಲದ ಮೇಲೆ ಹೋಗುತ್ತದೋ, ಕೆಳಗೆ ಹೋಗುತ್ತದೋ, ನೇರ ಅದಕ್ಕೇ ತಾಗುತ್ತದೋ ಎಂದು ನೋಡಬೇಕು.

ಮೂಗಿನ ವಿಷಯವೂ ಇಷ್ಟೇ ಮುಖ್ಯವಾದದ್ದು. ತಡೆಯ ಬಲ ವಿಮಾನದ ಗುರುತ್ವ ಕೇಂದ್ರಕ್ಕಿಂತ ಕೆಳಗೆ ಬಿದ್ದರೆ ಅದು ಮೂಗನ್ನು ಕೆಳಕ್ಕೆ ಎಳೆಯುತ್ತದೆ, ಮೇಲೆ ಬಿದ್ದರೆ ಮೇಲಕ್ಕೆ. ಇದರ ಮೇಲೆ, ಬ್ರೇಕು ರೆಕ್ಕೆಯ ಎತ್ತುವ ಬಲವನ್ನು ಬದಲಿಸಿದರೆ ಇನ್ನೊಂದು ತಿರುಗುಬಲ ಸೇರಿಕೊಳ್ಳುತ್ತದೆ. ಎರಡೂ ಒಂದನ್ನೊಂದು ರದ್ದು ಮಾಡುವ ಜಾಗ ಸಿಕ್ಕರೆ ಪೈಲಟ್‌ನ ಕೈಗೆ ಆರಾಮ. ಸಿಗದಿದ್ದರೆ ಟ್ರಿಮ್ (ಮೂಗು ತಾನಾಗಿ ತಿರುಗದಂತೆ ಎಲಿವೇಟರನ್ನು ಹೊಂದಿಸಿಡುವ ಏರ್ಪಾಟು) ಬದಲಾವಣೆಯನ್ನು ಯಂತ್ರವೇ ತಾನಾಗಿ ಮಾಡಬೇಕು, ಇಲ್ಲವೇ ಮನುಷ್ಯ ಮಾಡಬೇಕು. ರೆಕ್ಕೆಯ ತೊಲೆ, ಅಂದರೆ ಸ್ಪಾರ್, ಆ ಭಾರವನ್ನು ಹೊರುವ ಜಾಗದಲ್ಲಿದೆಯೇ, ಬ್ರೇಕು ಮುಚ್ಚಿದಾಗ ರೆಕ್ಕೆಯ ಮೈ ನಯವಾಗಿ ಉಳಿಯುತ್ತದೆಯೇ, ಅದೇ ತಟ್ಟೆ ಇಳಿಯುವಾಗ ಎತ್ತುವ ಬಲ ಹೆಚ್ಚಿಸುವ ಫ್ಲ್ಯಾಪ್ ಆಗಿಯೂ ಕೆಲಸ ಮಾಡುತ್ತದೆಯೇ ಎಂಬ ಉಳಿದ ಪ್ರಶ್ನೆಗಳು ಇವೆರಡರ ನಂತರ ಬರುತ್ತವೆ.

ರೆಕ್ಕೆಯ ಮುಂಭಾಗದ ಅಡಿಯಲ್ಲಿ: ಯು 87 ಮತ್ತು ಅದರ ದಾರಿ ಹಿಡಿದವು

ಯು 87ರಲ್ಲಿ ಚಕ್ರಗಳ ಕಾಲುಗಳಿಂದ ಹೊರಗೆ, ಎರಡೂ ರೆಕ್ಕೆಗಳ ಮುಂಭಾಗದ ಅಡಿಯಲ್ಲಿ, ಸೀಳಿರುವ ಉದ್ದನೆಯ ಪಟ್ಟಿಯೊಂದು ತೂಗಿರುತ್ತದೆ. ಸಾಮಾನ್ಯ ಹಾರಾಟದಲ್ಲಿ ಅದರ ಅಂಚು ಗಾಳಿಯ ಕಡೆಗಿರುತ್ತದೆ, ಡೈವ್‌ನಲ್ಲಿ ಪಟ್ಟಿ 90 ಡಿಗ್ರಿ ತಿರುಗಿ ಗಾಳಿಗೆ ಅಡ್ಡ ನಿಲ್ಲುತ್ತದೆ. ಮುಂಭಾಗದ ತೊಲೆಗೆ ಹತ್ತಿರವಿರುವುದರಿಂದ ಭಾರ ನೇರವಾಗಿ ರೆಕ್ಕೆಯ ಬಲವಾದ ಭಾಗಕ್ಕೆ ಹೋಗುತ್ತದೆ. ಯು 87ರ ಬಾಲದ ಅಡ್ಡರೆಕ್ಕೆ ಒಡಲಿನ ಮೇಲ್ಭಾಗದಲ್ಲಿದೆ, ರೆಕ್ಕೆ ಕೆಳಗೆ ಬಾಗಿದೆ, ಹೀಗಾಗಿ ಅಡಿಯ ಸುಳಿಗಾಳಿ ಬಾಲಕ್ಕೆ ನೇರವಾಗಿ ಎದುರಾಗುವುದಿಲ್ಲ.

ಆದರೆ ಬ್ರೇಕು ರೆಕ್ಕೆಯ ಒಂದೇ ಪಕ್ಕದಲ್ಲಿರುವುದರಿಂದ ಮೂಗಿನ ತಿರುಗುಬಲ ತಪ್ಪುವುದಿಲ್ಲ. ಯುಂಕರ್ಸ್‌ನವರು ಅದನ್ನು ಅಡಗಿಸಲು ಹೋಗದೆ ವ್ಯವಸ್ಥೆಯ ಒಂದು ಭಾಗವನ್ನಾಗಿಯೇ ಮಾಡಿಕೊಂಡರು. ಬ್ರೇಕು, ಎಲಿವೇಟರಿನ ಟ್ರಿಮ್ ಮತ್ತು ಬಾಂಬು ಬಿಡುವ ಗುಂಡಿ ಒಂದಕ್ಕೊಂದು ಹೆಣೆದುಕೊಂಡಿದ್ದವು. ಬಾಂಬು ಬಿಟ್ಟೊಡನೆ ಟ್ರಿಮ್ ತಾನಾಗಿ ಹಿಂದಿರುಗಿ ಮೂಗು ಮೇಲೇಳುತ್ತಿತ್ತು. ಆರು ಪಟ್ಟು ಗುರುತ್ವದ ಹೊಡೆತದಲ್ಲಿ ಪೈಲಟ್‌ಗೆ ಕಣ್ಣು ಕತ್ತಲೆಗಟ್ಟಿದರೂ ವಿಮಾನ ಮೇಲೆ ಬರುವಂತೆ ಇದು ನೋಡಿಕೊಳ್ಳುತ್ತಿತ್ತು. ಪಕ್ಕದ ಕಿಟಕಿಯ ಗಾಜಿನ ಮೇಲೆ ಕೋನ ಅಳೆಯಲು ಗೆರೆಗಳಿದ್ದವು. ದಿಗಂತ ಯಾವ ಗೆರೆಗೆ ಹೊಂದುತ್ತದೆ ಎಂದು ನೋಡಿ ಪೈಲಟ್ ಇಳಿಜಾರನ್ನು ಅಂದಾಜು ಮಾಡುತ್ತಿದ್ದ. ಈ ಜಾಗವನ್ನು ಆರಿಸಿಕೊಳ್ಳುವವರು ಇಡೀ ಹೆಣಿಗೆಯನ್ನೇ ಆರಿಸಿಕೊಳ್ಳಬೇಕು. ಪಟ್ಟಿಯನ್ನು ಮಾತ್ರ ನಕಲು ಮಾಡಿದರೆ ಅರ್ಧ ಯಂತ್ರ ಸಿಕ್ಕಂತಾಗುತ್ತದೆ.

ಜಪಾನಿನ ಐಚಿ ಡಿ3ಎ ಇದೇ ಜಾಗವನ್ನು ಹಿಡಿಯಿತು, ಮುಂಭಾಗದ ತೊಲೆಯ ಅಡಿಯಲ್ಲಿ ತಿರುಗುವ ಪಟ್ಟಿ. ಅದರ ಪರೀಕ್ಷಾ ಹಾರಾಟಗಳಲ್ಲಿ ಬ್ರೇಕು ತೆರೆದಾಗ ಅತಿಯಾದ ನಡುಕ ಕಾಣಿಸಿಕೊಂಡು, ಪಟ್ಟಿಯನ್ನು ಬಲಪಡಿಸಬೇಕಾಯಿತು. ಆ ಮೇಲೆ ಅದು ಎಷ್ಟು ನಂಬಿಕೆಯ ಆಯುಧವಾಯಿತು ಎಂಬುದಕ್ಕೆ ನಮ್ಮ ದಕ್ಷಿಣದ ಸಮುದ್ರವೇ ಸಾಕ್ಷಿ. 1942ರ ಏಪ್ರಿಲ್ 5ರಂದು ಸಿಲೋನಿನ ದಕ್ಷಿಣಕ್ಕೆ ಬ್ರಿಟಿಷ್ ಕ್ರೂಸರ್‌ಗಳಾದ ಡಾರ್ಸೆಟ್‌ಶೈರ್ ಮತ್ತು ಕಾರ್ನ್‌ವಾಲ್, ಏಪ್ರಿಲ್ 9ರಂದು ಬಟ್ಟಿಕಲೋವಾ ಬಳಿ ವಿಮಾನವಾಹಕ ನೌಕೆ ಹರ್ಮಿಸ್ ಈ ವಿಮಾನಗಳ ಬಾಂಬುಗಳಿಗೆ ಮುಳುಗಿದವು. ಡಿ3ಎ ಮತ್ತು ಯು 87 ಎರಡಕ್ಕೂ ಮಡಚದ ಚಕ್ರಗಳಿದ್ದವು, ಅವೇ ಯಾವಾಗಲೂ ತೆರೆದಿರುವ ಅರ್ಧ ಬ್ರೇಕಿನಂತೆ ಗಾಳಿಯನ್ನು ತಡೆಯುತ್ತಿದ್ದವು ಎಂಬುದನ್ನು ಹೋಲಿಸುವಾಗ ಲೆಕ್ಕಕ್ಕೆ ಹಿಡಿಯಬೇಕು. ಡಿ3ಎಯ ಉತ್ತರಾಧಿಕಾರಿಯಾದ ಯೊಕೊಸುಕಾ ಡಿ4ವೈಗೆ ಆ ಅನುಕೂಲವಿರಲಿಲ್ಲ. ನುಣುಪಾದ ಒಡಲು, ಮಡಚುವ ಚಕ್ರ, ಒಂದೊಂದು ರೆಕ್ಕೆಯಡಿ ಫ್ಲ್ಯಾಪ್‌ಗಳ ಮುಂದೆ ವಿದ್ಯುತ್ತಿನಿಂದ ತೆರೆಯುವ ಮೂರು ಬ್ರೇಕುಗಳು ಅದರಲ್ಲಿದ್ದವು. ಡೈವ್ ಪರೀಕ್ಷೆಯಲ್ಲಿ ರೆಕ್ಕೆ ಕಂಪಿಸಿದ್ದರಿಂದ ಅದನ್ನು ಮೊದಲು ವಿಚಕ್ಷಣೆಗೆ ಮಾತ್ರ ಬಳಸಬೇಕಾಯಿತು.

ರೆಕ್ಕೆಯ ಅಡಿಯ ಜಾಗಕ್ಕೆ ಇನ್ನೊಂದು ಗುಣವಿದೆ, ಅದು ಯುದ್ಧಕಾಲದ ಅವಸರದಲ್ಲಿ ದೊಡ್ಡದೇ. ಈಗಾಗಲೇ ರೂಪುಗೊಂಡ ವಿಮಾನಕ್ಕೆ ಬ್ರೇಕನ್ನು ಆಮೇಲೆ ಸೇರಿಸಬಹುದು. ಸೋವಿಯತ್ ಒಕ್ಕೂಟದ ಪೆಟ್ಲ್ಯಕೋವ್ ಪೆ-2 ಹುಟ್ಟಿದ್ದು ಎತ್ತರದಲ್ಲಿ ಹಾರುವ ಯುದ್ಧವಿಮಾನವಾಗಿ (ಶತ್ರು ವಿಮಾನಗಳೊಡನೆ ಕಾದಾಡುವ ಫೈಟರ್ ಆಗಿ). ಅದನ್ನು ಡೈವ್ ಬಾಂಬರ್ ಮಾಡಬೇಕೆಂಬ ಆದೇಶ ಬಂದಾಗ ಎಂಜಿನ್‌ಗಳಿಂದ ಹೊರಗೆ ರೆಕ್ಕೆಯಡಿ ಜಾಲರಿ ಬ್ರೇಕುಗಳನ್ನು ಹಾಕಿ, ವಿದ್ಯುತ್ ಮೋಟಾರಿನಿಂದ ತೆರೆಯುವಂತೆ ಮಾಡಿದರು. ಯುಂಕರ್ಸ್ ಯು 88 ಕೂಡ ಮೊದಲು ವೇಗದ ಬಾಂಬರ್ ಆಗಿಯೇ ಯೋಜಿತವಾಗಿ, ಡೈವ್ ಮಾಡುವ ಕೆಲಸ ಮೇಲಿನಿಂದ ಹೇರಲ್ಪಟ್ಟಾಗ ಇದೇ ದಾರಿ ಹಿಡಿಯಿತು. ಎರಡು ಎಂಜಿನ್‌ಗಳ ವಿಮಾನಕ್ಕೆ ಇದಕ್ಕಿಂತ ಸುಲಭವಾದ ಜಾಗ ನನಗೆ ಕಾಣುವುದಿಲ್ಲ.

ಹಿಂದಿನ ಅಂಚಿನಲ್ಲಿ: ತೂತು ಕೊರೆದ ಫ್ಲ್ಯಾಪ್

ವಿಮಾನವಾಹಕ ನೌಕೆಯ ಮೇಲೆ ಇಳಿಯುವ ವಿಮಾನಕ್ಕೆ ದೊಡ್ಡ ಫ್ಲ್ಯಾಪ್‌ಗಳು ಹೇಗೂ ಬೇಕು. ಅವನ್ನೇ ಮೇಲೂ ಕೆಳಗೂ ಸೀಳಿ ಎರಡು ಬಾಗಿಲುಗಳಂತೆ ತೆರೆದರೆ ಬ್ರೇಕೂ ಆಯಿತು, ತೂಕವೂ ಉಳಿಯಿತು ಎಂಬುದು ಅಮೆರಿಕದ ನೌಕಾಪಡೆಗೆ ವಿಮಾನ ಮಾಡುತ್ತಿದ್ದವರ ಎಣಿಕೆ. ಕಾಗದದ ಮೇಲೆ ಇದರಷ್ಟು ಮಿತವ್ಯಯದ ಉಪಾಯ ಇನ್ನೊಂದಿಲ್ಲ. ಮೇಲಿನ ಫ್ಲ್ಯಾಪೂ ಕೆಳಗಿನ ಫ್ಲ್ಯಾಪೂ ಒಟ್ಟಿಗೆ ತೆರೆಯುವುದರಿಂದ ಎತ್ತುವ ಬಲದ ಬದಲಾವಣೆ ಬಹುಮಟ್ಟಿಗೆ ಸರಿತೂಗುತ್ತದೆ. ಇಳಿಯುವಾಗ ಕೆಳಗಿನದ್ದನ್ನು ಮಾತ್ರ ತೆರೆದರೆ ಅದು ಸಾಮಾನ್ಯ ಫ್ಲ್ಯಾಪ್.

ಕಷ್ಟ ಬಂದದ್ದು ಬಾಲದಿಂದ. ಹಿಂದಿನ ಅಂಚು ಬಾಲಕ್ಕೆ ಹತ್ತಿರ, ಮತ್ತು ಬಹುಮಟ್ಟಿಗೆ ಅದೇ ನೇರದಲ್ಲಿದೆ. ಡಾಂಟ್ಲೆಸ್‌ನ ಪೂರ್ವಜನಾದ ನಾರ್ತ್ರಾಪ್ ಬಿಟಿ-1ರಲ್ಲಿ ಗಟ್ಟಿ ತಟ್ಟೆಯ ಸೀಳು ಫ್ಲ್ಯಾಪ್‌ಗಳನ್ನು ತೆರೆದಾಗ ಬಾಲ ಎಷ್ಟು ನಡುಗಿತೆಂದರೆ ಅದನ್ನು ಹಾಗೇ ಬಿಡುವಂತಿರಲಿಲ್ಲ. ಅಮೆರಿಕದ ವಾಯುಯಾನ ಸಂಶೋಧನಾ ಸಮಿತಿಯಾದ ಎನ್.ಎ.ಸಿ.ಎ.ಯ ನೆರವಿನೊಂದಿಗೆ ಸಿಕ್ಕ ಪರಿಹಾರ ಫ್ಲ್ಯಾಪ್ ತುಂಬ ಸಾಲುಸಾಲಾಗಿ ಸುಮಾರು ಮೂರು ಇಂಚು ಅಗಲದ ತೂತು ಕೊರೆಯುವುದಾಗಿತ್ತು. ತೂತಿನಿಂದ ನುಗ್ಗುವ ಗಾಳಿ ತಟ್ಟೆಯ ಹಿಂದೆ ಕಟ್ಟಿಕೊಳ್ಳುವ ದೊಡ್ಡ ಸುಳಿಗಳನ್ನು ಒಡೆದು ಚಿಕ್ಕದು ಮಾಡುತ್ತದೆ. ಚಿಕ್ಕ ಸುಳಿಗಳು ಬಾಲ ತಲುಪುವಷ್ಟರಲ್ಲಿ ಕರಗಿ, ಬಾಲವನ್ನು ಅದರ ಸಹಜ ಕಂಪನದ ಲಯಕ್ಕೆ ಹಿಡಿದು ಅಲುಗಾಡಿಸುವ ಶಕ್ತಿ ಕಳೆದುಕೊಳ್ಳುತ್ತವೆ. ತೂತು ಕೊರೆದದ್ದರಿಂದ ತಡೆ ಅಷ್ಟೇನೂ ಕಡಿಮೆಯಾಗುವುದಿಲ್ಲ ಎಂಬುದು ಮೊದಲ ನೋಟಕ್ಕೆ ನಂಬಲು ಕಷ್ಟವಾದ ಸಂಗತಿ. ಆದರೆ ತಡೆ ಹುಟ್ಟುವುದು ಬಹುಪಾಲು ತಟ್ಟೆಯ ಮುಂದಿನ ಮತ್ತು ಹಿಂದಿನ ಒತ್ತಡದ ವ್ಯತ್ಯಾಸದಿಂದ, ತೂತುಗಳು ಅದನ್ನು ಪೂರ್ತಿ ಅಳಿಸುವಷ್ಟು ದೊಡ್ಡವಲ್ಲ.

ಎಡ್ ಹೈನೆಮನ್ ನೇತೃತ್ವದಲ್ಲಿ ಡಗ್ಲಸ್ ಕಂಪನಿಯಲ್ಲಿ ಬೆಳೆದ ಎಸ್‌ಬಿಡಿ ಡಾಂಟ್ಲೆಸ್ ಈ ತೂತಿನ ಫ್ಲ್ಯಾಪ್‌ಗಳೊಂದಿಗೆ ಸುಮಾರು 70 ಡಿಗ್ರಿ ಕೋನದಲ್ಲಿ ಸ್ಥಿರವಾಗಿ ಇಳಿಯುತ್ತಿತ್ತು. 1942ರ ಜೂನ್ 4ರಂದು ಮಿಡ್‌ವೇ ಬಳಿ ಕೆಲವೇ ನಿಮಿಷಗಳಲ್ಲಿ ಅಕಾಗಿ, ಕಾಗಾ, ಸೋರ್ಯು ಎಂಬ ಜಪಾನಿನ ಮೂರು ವಿಮಾನವಾಹಕ ನೌಕೆಗಳನ್ನು, ಅದೇ ದಿನ ಇಳಿಹೊತ್ತಿಗೆ ಹಿರ್ಯುವನ್ನೂ ಹೊಡೆದದ್ದು ಈ ವಿಮಾನವೇ. ಡಾಂಟ್ಲೆಸ್‌ನ ರೆಕ್ಕೆ ಮಡಚುತ್ತಿರಲಿಲ್ಲ ಎಂಬುದು ನೌಕೆಯ ಜಾಗದ ಲೆಕ್ಕದಲ್ಲಿ ನಷ್ಟವಾದರೂ, ಉದ್ದಕ್ಕೂ ಹಾಯುವ ಫ್ಲ್ಯಾಪ್‌ಗಳನ್ನು ಕೀಲಿನಿಂದ ತುಂಡರಿಸಬೇಕಾಗಲಿಲ್ಲ ಎಂಬುದು ಅದರ ಇನ್ನೊಂದು ಮುಖ.

ಇದೇ ಜಾಗವನ್ನು ಕರ್ಟಿಸ್ ಎಸ್‌ಬಿ2ಸಿ ಹೆಲ್‌ಡೈವರ್ ಹಿಡಿದಾಗ ಆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನೌಕೆಯ ಲಿಫ್ಟಿನಲ್ಲಿ ಎರಡು ವಿಮಾನಗಳು ಹಿಡಿಯಬೇಕು ಎಂಬ ಷರತ್ತಿನಿಂದಾಗಿ ಹೆಲ್‌ಡೈವರಿನ ಒಡಲು ಮೊಟಕಾಯಿತು. ಒಡಲು ಮೊಟಕಾದಾಗ ಬಾಲ ರೆಕ್ಕೆಗೆ ಹತ್ತಿರವಾಯಿತು, ಹಿಂದಿನ ಅಂಚಿನ ಸುಳಿಗಾಳಿ ತಣ್ಣಗಾಗಲು ಬೇಕಾದ ದೂರವೂ ಕಡಿಮೆಯಾಯಿತು. ಮೊದಲ ಮಾದರಿಗಳ ಬ್ರೇಕುಗಳಿಗೆ ತೂತಿರಲಿಲ್ಲ, ಡೈವ್‌ನಲ್ಲಿ ನಡುಕದ ದೂರು ನಿಲ್ಲಲಿಲ್ಲ. ತೂತಿನ ಫ್ಲ್ಯಾಪ್ ಬಂದದ್ದು ನಾಲ್ಕನೆಯ ಮಾದರಿಯಾದ ಎಸ್‌ಬಿ2ಸಿ-4ರಲ್ಲಿ. ಅದೇ ನೌಕಾಪಡೆಯ ಬಳಿ ಡಾಂಟ್ಲೆಸ್‌ನ ಪಾಠ ವರ್ಷಗಳಿಂದ ಇದ್ದಾಗ ಇಷ್ಟು ತಡವಾಯಿತು ಎಂಬುದು ನನಗೆ ಇಡೀ ಕಥೆಯ ಅತ್ಯಂತ ವಿಚಿತ್ರ ಭಾಗವಾಗಿ ಕಾಣುತ್ತದೆ. ಹಿಂದಿನ ಅಂಚನ್ನು ಆರಿಸುವವರು ಒಡಲಿನ ಉದ್ದವನ್ನೂ ಅದರ ಜೊತೆಗೇ ಆರಿಸುತ್ತಿದ್ದಾರೆ.

ಬ್ರಿಟನ್ನಿನ ಬ್ಲ್ಯಾಕ್‌ಬರ್ನ್ ಸ್ಕುವಾ ಕೂಡ ಹಿಂದಿನ ಅಂಚಿನ ಝ್ಯಾಪ್ ಮಾದರಿಯ ಫ್ಲ್ಯಾಪ್‌ಗಳನ್ನೇ ಬ್ರೇಕಾಗಿ ಬಳಸಿತು. 1940ರ ಏಪ್ರಿಲ್ 10ರಂದು ಓರ್ಕ್ನಿ ದ್ವೀಪಗಳಿಂದ ಹೊರಟ 16 ಸ್ಕುವಾಗಳು ನಾರ್ವೆಯ ಬೆರ್ಗೆನ್ ಬಂದರಿನಲ್ಲಿ ಜರ್ಮನ್ ಕ್ರೂಸರ್ ಕ್ಯೋನಿಗ್ಸ್‌ಬೆರ್ಗ್ ಅನ್ನು ಮುಳುಗಿಸಿದವು.

ಹಿಂದಿನ ಅಂಚಿನ ಆಚೆಗೆ: ಬಾರಾಕುಡಾದ ಫ್ಲ್ಯಾಪ್

ಫೇರಿ ಬಾರಾಕುಡಾದಲ್ಲಿ ಫ್ಲ್ಯಾಪ್ ರೆಕ್ಕೆಯ ಭಾಗವೇ ಅಲ್ಲ. ಫೇರಿ-ಯಂಗ್‌ಮನ್ ಫ್ಲ್ಯಾಪ್ ಎಂದು ಹೆಸರಾದ ಅದು ರೆಕ್ಕೆಯ ಹಿಂದಿನ ಅಂಚಿನ ಕೆಳಗೆ ಬೇರೆಯಾಗಿ ತೂಗುವ ಇನ್ನೊಂದು ಸಣ್ಣ ರೆಕ್ಕೆಯಂತಿದೆ. ಕೆಳಕ್ಕೆ ಬಾಗಿಸಿದರೆ ಏರುವಾಗ ಮತ್ತು ಇಳಿಯುವಾಗ ಎತ್ತುವ ಬಲ ಕೊಡುತ್ತದೆ, ಅದನ್ನೇ ವಿರುದ್ಧ ದಿಕ್ಕಿಗೆ 30 ಡಿಗ್ರಿ ತಿರುಗಿಸಿದರೆ ಡೈವ್ ಬ್ರೇಕ್. ಜಾಣತನದ ಉಪಾಯವೇ ಸರಿ, ಆದರೆ ಅದರ ಬೆಲೆಯನ್ನು ಮೊದಲು ತೆತ್ತದ್ದು ಬಾಲ. ಮೊದಲ ಮಾದರಿ ವಿಮಾನದಲ್ಲಿ ಕೆಳಗಿದ್ದ ಬಾಲದ ಅಡ್ಡರೆಕ್ಕೆಯನ್ನು ಫ್ಲ್ಯಾಪಿನ ಸುಳಿಗಾಳಿಯಿಂದ ತಪ್ಪಿಸಲು ಮೇಲಕ್ಕೆತ್ತಿ, ಆಸರೆ ಕೊಟ್ಟು ನಿಲ್ಲಿಸಬೇಕಾಯಿತು. ಬಾರಾಕುಡಾದ ಆ ವಿಚಿತ್ರ ಆಕಾರದ ಬಾಲ ಹೀಗೆ ಬಂದದ್ದು. ಎರಡನೆಯ ಬೆಲೆಯನ್ನು ಪೈಲಟ್‌ಗಳು ತೆತ್ತರು. ಹೆಚ್ಚಿನ ವೇಗದಲ್ಲಿ ಬ್ರೇಕು ಮುಚ್ಚುತ್ತಾ ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರನ್ನೂ ಒತ್ತಿದರೆ ಟ್ರಿಮ್ ಹಠಾತ್ತನೆ ಬದಲಾಗಿ ವಿಮಾನ ಮಗುಚಿ ಧುಮುಕಬಹುದಿತ್ತು. 1944ರ ಏಪ್ರಿಲ್ 3ರಂದು ನಾರ್ವೆಯ ಫ್ಯೋರ್ಡಿನಲ್ಲಿ ಅಡಗಿದ್ದ ಜರ್ಮನಿಯ ಟಿರ್ಪಿಟ್ಸ್ ಯುದ್ಧನೌಕೆಯ ಮೇಲೆ ಬಾರಾಕುಡಾಗಳು ನಡೆಸಿದ ದಾಳಿ ಯಶಸ್ವಿಯಾಯಿತು ನಿಜ. ಹಾಗಿದ್ದರೂ ಹೊಸದಾಗಿ ಆರಿಸುವವರಿಗೆ ಈ ಜಾಗವನ್ನು ನಾನು ಸೂಚಿಸಲಾರೆ.

ಮೇಲೂ ಕೆಳಗೂ: ವೆಂಜನ್ಸ್ ಮತ್ತು ಎ-36

ನೆಟ್ಟಗೆ, ನಿಜಕ್ಕೂ 90 ಡಿಗ್ರಿಯಲ್ಲಿ ಇಳಿಯಬೇಕಾದರೆ ರೆಕ್ಕೆ ಯಾವ ಕಡೆಗೂ ಎತ್ತಬಾರದು. ಸ್ವಲ್ಪ ಎತ್ತಿದರೂ ವಿಮಾನ ಗುರಿಯಿಂದ ಪಕ್ಕಕ್ಕೆ ಜಾರುತ್ತಾ ಹೋಗುತ್ತದೆ. ವಲ್ಟೀ ಕಂಪನಿಯವರು ಇದನ್ನು ಬುಡದಿಂದಲೇ ಸರಿಮಾಡಲು ಹೊರಟರು. ಸಾಮಾನ್ಯವಾಗಿ ರೆಕ್ಕೆಯನ್ನು ಒಡಲಿಗೆ ಒಂದೆರಡು ಡಿಗ್ರಿ ಮೇಲ್ಮುಖವಾಗಿ ಕೂರಿಸುತ್ತಾರೆ, ವೆಂಜನ್ಸ್‌ನಲ್ಲಿ ಅದನ್ನು ಸೊನ್ನೆ ಮಾಡಿದರು. ಅದಕ್ಕೆ ತಕ್ಕಂತೆ ಜಾಲರಿ ಬ್ರೇಕುಗಳನ್ನು ರೆಕ್ಕೆಯ ಮೇಲ್ಮೈಯಿಂದಲೂ ಕೆಳಮೈಯಿಂದಲೂ ಒಟ್ಟಿಗೆ ಎದ್ದು ನಿಲ್ಲುವಂತೆ ಇಟ್ಟರು. ಮೇಲಿನ ತಡೆಯೂ ಕೆಳಗಿನ ತಡೆಯೂ ಒಂದನ್ನೊಂದು ತೂಗಿ, ಮೂಗು ಎತ್ತಲೂ ತಿರುಗದೆ ಎಲ್ಲಿ ನೋಡುತ್ತದೋ ಅಲ್ಲಿಗೇ ಇಳಿಯುತ್ತದೆ. ಡೈವ್ ಒಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಇಲ್ಲಿ ಹೋಲಿಸಿದ ವಿಮಾನಗಳಲ್ಲಿ ವೆಂಜನ್ಸ್‌ನ ಏರ್ಪಾಟೇ ನನಗೆ ಹೆಚ್ಚು ಸರಿ ಎನಿಸುತ್ತದೆ.

ಬೆಲೆ ಬೇರೆ ಕಡೆ ಇತ್ತು. ಸೊನ್ನೆ ಕೋನದ ರೆಕ್ಕೆ ನೇರ ಹಾರಾಟದಲ್ಲಿ ಸಾಕಷ್ಟು ಎತ್ತಬೇಕಾದರೆ ಇಡೀ ವಿಮಾನವೇ ಮೂಗೆತ್ತಿ ಹಾರಬೇಕು. ಏರುವಾಗ, ಇಳಿಯುವಾಗ ಪೈಲಟ್‌ಗೆ ಮುಂದಿನದ್ದು ಸರಿಯಾಗಿ ಕಾಣುತ್ತಿರಲಿಲ್ಲ. ನಂತರದ ಮಾದರಿಯಲ್ಲಿ ರೆಕ್ಕೆಯನ್ನು 4 ಡಿಗ್ರಿ ಮೇಲೆತ್ತಿ ನೋಟವನ್ನು ಸುಧಾರಿಸಿದರು, ನೆಟ್ಟಗಿನ ಡೈವ್‌ನ ಶುದ್ಧತೆಯನ್ನು ಅಷ್ಟರ ಮಟ್ಟಿಗೆ ಬಿಟ್ಟುಕೊಟ್ಟರು.

ಈ ವಿಮಾನಕ್ಕೆ ನಮ್ಮ ಕಡೆಯ ಚರಿತ್ರೆಯಲ್ಲಿ ಜಾಗವಿದೆ. ಅಮೆರಿಕದಲ್ಲಿ ತಯಾರಾದ ವೆಂಜನ್ಸ್ ಹೆಚ್ಚು ಯುದ್ಧ ಮಾಡಿದ್ದು ಬರ್ಮಾ ಗಡಿಯಲ್ಲಿ, ಬ್ರಿಟಿಷ್ ವಾಯುಪಡೆಯ ತುಕಡಿಗಳ ಜೊತೆಗೆ ಭಾರತೀಯ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್‌ಗಳ ಕೈಯಲ್ಲಿ. ಅರಾಕಾನ್ ಮತ್ತು ಇಂಫಾಲದ ಕದನಗಳಲ್ಲಿ ಕಾಡಿನ ನಡುವೆ ಬಂಕರ್ ತೋಡಿಕೊಂಡು ಕೂತ ಜಪಾನೀ ಸೈನ್ಯದ ಮೇಲೆ ಅವು ಬಾಂಬು ಹಾಕಿದವು. ಮರಗಳ ಮರೆಯಲ್ಲಿರುವ ಸಣ್ಣ ಗುರಿಯನ್ನು ಮಟ್ಟಸವಾಗಿ ಹಾರುತ್ತಾ ಹೊಡೆಯುವುದು ಕಷ್ಟ, ನೆತ್ತಿಯ ಮೇಲಿಂದ ಇಳಿದರೆ ಮರಗಳು ಅಡ್ಡ ಬರುವುದು ಕಡಿಮೆ. ಯುರೋಪಿನಲ್ಲಿ ನಿಧಾನವೆಂದು ಬದಿಗೆ ಸರಿಸಬಹುದಾಗಿದ್ದ ವಿಮಾನ ಇಲ್ಲಿ ಕೆಲಸಕ್ಕೆ ಬಂದದ್ದಕ್ಕೆ ಬ್ರೇಕಿನ ಜಾಗವೂ ಒಂದು ಕಾರಣವೆಂದು ಧೈರ್ಯವಾಗಿ ಹೇಳಬಹುದು. ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ತನ್ನ ಮೊದಲ ವರ್ಷಗಳಲ್ಲಿ ವಲ್ಟೀ ಬಾಂಬರ್‌ಗಳನ್ನು ಜೋಡಿಸಿತು ಎಂದು ಓದುತ್ತೇವೆ. ಅವು ಅದೇ ಕಂಪನಿಯ ಹಿಂದಿನ ಬೇರೆ ಮಾದರಿಗಳು, ವೆಂಜನ್ಸ್ ಅಲ್ಲ.

ಮಸ್ಟಾಂಗ್ ಯುದ್ಧವಿಮಾನದಿಂದ ರೂಪಾಂತರಗೊಂಡ ನಾರ್ತ್ ಅಮೆರಿಕನ್ ಎ-36ರಲ್ಲೂ ಬ್ರೇಕುಗಳು ರೆಕ್ಕೆಯ ಮೇಲೂ ಕೆಳಗೂ ತೆರೆಯುತ್ತಿದ್ದವು, ಡೈವ್‌ನ ವೇಗವನ್ನು ಗಂಟೆಗೆ ಸುಮಾರು 630 ಕಿಲೋಮೀಟರಿಗೆ ಹಿಡಿಯುತ್ತಿದ್ದವು. ಒಟ್ಟು 500 ತಯಾರಾದ ಇವುಗಳಲ್ಲಿ ಕೆಲವು ಅಸ್ಸಾಮಿನ ದಿಂಜಾನ್‌ನಿಂದಲೂ ಹಾರಿದವು. ನಾಲ್ಕು ಬ್ರೇಕುಗಳ ಏರ್ಪಾಟಿನ ಬಲಹೀನತೆ ಇದರಲ್ಲಿ ಕಾಣಿಸಿತು. ಹೈಡ್ರಾಲಿಕ್ ಒತ್ತಡ ಎರಡೂ ಕಡೆ ಸಮವಾಗಿರದೆ ಒಂದು ರೆಕ್ಕೆಯ ಬ್ರೇಕು ಇನ್ನೊಂದಕ್ಕಿಂತ ಹೆಚ್ಚು ತೆರೆದರೆ ವಿಮಾನ ಡೈವ್‌ನಲ್ಲೇ ನಿಧಾನಕ್ಕೆ ಉರುಳುತ್ತದೆ, ಗುರಿ ಕೈತಪ್ಪುತ್ತದೆ. ಗುರುತ್ವ ಕೇಂದ್ರದಿಂದ ಬ್ರೇಕು ಹೊರಗೆ ಹೋದಷ್ಟೂ ಈ ತಪ್ಪಿನ ಪರಿಣಾಮ ಹೆಚ್ಚು. ಈ ಜಾಗ ಆರಿಸಿದವರು ಎರಡೂ ಕಡೆಯ ಬ್ರೇಕುಗಳನ್ನು ಗಟ್ಟಿಯಾದ ಜೋಡಣೆಯಿಂದ ಒಟ್ಟಿಗೆ ಕಟ್ಟಲೇಬೇಕು.

ಬಾಲದ ತುದಿಯಲ್ಲಿ

ಸಿದ್ಧಾಂತವನ್ನಷ್ಟೇ ನೋಡಿದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಬ್ರೇಕು ಬಾಲಕ್ಕಿಂತಲೂ ಹಿಂದಿರುವುದರಿಂದ ಅದರ ಸುಳಿಗಾಳಿ ಯಾವುದಕ್ಕೂ ತಾಗುವುದಿಲ್ಲ. ಎಳೆತ ಒಡಲಿನ ನಡುಗೆರೆಯ ಮೇಲೆಯೇ ಬೀಳುವುದರಿಂದ ಮೂಗು ತಿರುಗುವುದಿಲ್ಲ, ಅದರ ಬದಲು ಹಿಂದಿನಿಂದ ಎಳೆದು ಹಿಡಿದಂತೆ ವಿಮಾನ ಇನ್ನಷ್ಟು ನೆಟ್ಟಗಾಗುತ್ತದೆ. ಡಾರ್ನಿಯರ್ ಡೋ 217ರಲ್ಲಿ ಬಾಲದ ಕೊನೆಯ ಭಾಗವೇ ದಳಗಳಾಗಿ ಬಿಚ್ಚಿಕೊಂಡು ಛತ್ರಿಯಂತೆ ಅರಳುವ ಏರ್ಪಾಟಿತ್ತು. ಆದರೆ ಅದನ್ನು ಅರಳಿಸುವ ತಿರುಪಿನ ಯಂತ್ರ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಭಾರವಾದ ಎರಡೆಂಜಿನ್ ಬಾಂಬರನ್ನು ತಡೆಯುವ ಎಳೆತವನ್ನು ಒಡಲಿನ ತೆಳ್ಳಗಿನ ಹಿಂಭಾಗವೇ ಹೊರಬೇಕಿತ್ತು, ಅದಕ್ಕೆ ಅಷ್ಟು ಬಲವಿರಲಿಲ್ಲ. ಕೊನೆಗೆ ಆ ಬ್ರೇಕನ್ನು ತೆಗೆದು ಸಾಮಾನ್ಯ ಬಾಲದ ತುದಿಯನ್ನೇ ಹಾಕಿದರು, ಡೋ 217 ಮಟ್ಟಸವಾಗಿ ಹಾರುವ ಬಾಂಬರಾಗಿ ಮುಂದುವರಿಯಿತು. ಜಾಗ ತಪ್ಪಲ್ಲ, ಅಷ್ಟು ದೊಡ್ಡ ವಿಮಾನವನ್ನು ಡೈವ್ ಮಾಡಿಸಬೇಕೆಂಬ ಹಟ ತಪ್ಪು ಎಂಬುದು ನನ್ನ ಅಭಿಪ್ರಾಯ. 1958ರಲ್ಲಿ ಮೊದಲು ಹಾರಿದ ಬ್ರಿಟಿಷ್ ಜೆಟ್ ಬ್ಲ್ಯಾಕ್‌ಬರ್ನ್ ಬಕನೀರ್‌ನಲ್ಲಿ ಬಾಲದ ತುದಿ ಎರಡು ದಳಗಳಾಗಿ ತೆರೆಯುವ ಬ್ರೇಕು ಚೆನ್ನಾಗಿಯೇ ಕೆಲಸ ಮಾಡಿತು.

ಬ್ರೇಕೇ ಇಲ್ಲದೆ

ಚಕ್ರಗಳನ್ನು ಇಳಿಬಿಟ್ಟು ವೇಗ ತಗ್ಗಿಸುವುದು ಬಡವನ ಉಪಾಯ, ಆದರೆ ಕೆಟ್ಟದ್ದಲ್ಲ. ವಾಟ್ ಎಸ್‌ಬಿ2ಯು ವಿಂಡಿಕೇಟರ್ ಹಾಗೆಯೇ ಮಾಡಿತು. ಅದೇ ಕಂಪನಿಯ ಕೋರ್ಸೇರ್ ಯುದ್ಧವಿಮಾನದಲ್ಲಿಯೂ ಬಾಲಚಕ್ರವನ್ನು ಬಿಟ್ಟು ಮುಖ್ಯ ಚಕ್ರಗಳನ್ನು ಮಾತ್ರ ಬ್ರೇಕಾಗಿ ಇಳಿಸುವ ಸೌಲಭ್ಯವಿತ್ತು. ಹೊಸ ತೂಕವಿಲ್ಲ, ರೆಕ್ಕೆಯಲ್ಲಿ ಹೊಸ ಸೀಳಿಲ್ಲ. ಆದರೆ ತಡೆಯ ಪ್ರಮಾಣವನ್ನು ಬೇಕಾದಂತೆ ಆರಿಸಿಕೊಳ್ಳಲಾಗುವುದಿಲ್ಲ. ಯುದ್ಧವಿಮಾನವೊಂದಕ್ಕೆ ಬಾಂಬಿನ ಕೆಲಸ ಆಗೊಮ್ಮೆ ಈಗೊಮ್ಮೆ ಬರುವುದಾದರೆ ಇಷ್ಟು ಸಾಕು.

ಲಾಕ್‌ಹೀಡ್ ಪಿ-38ರ ರೆಕ್ಕೆಯಡಿ ಕಾಣುವ ಸಣ್ಣ ತಟ್ಟೆಗಳನ್ನು ಈ ಹೋಲಿಕೆಗೆ ಸೇರಿಸಬಾರದು. ಅವು ವೇಗ ತಗ್ಗಿಸಲು ಹುಟ್ಟಿದ್ದಲ್ಲ. ಶಬ್ದದ ವೇಗಕ್ಕೆ ಸಮೀಪಿಸಿದಾಗ ಕೈಗೆ ಸಿಗದೆ ಧುಮುಕುವ ವಿಮಾನದ ರೆಕ್ಕೆಯ ಸುತ್ತಲಿನ ಗಾಳಿಯ ಒತ್ತಡವನ್ನು ಬದಲಿಸಿ ಮೂಗನ್ನು ಮೇಲೆತ್ತಲು ಇದ್ದವು.

ಹಾಗಾದರೆ ಯಾವುದು

ನೌಕೆಯ ಮೇಲೆ ಇಳಿಯುವ ಒಂದೆಂಜಿನ್ ವಿಮಾನವಾದರೆ ಹಿಂದಿನ ಅಂಚಿನ ತೂತು ಫ್ಲ್ಯಾಪನ್ನೇ ಆರಿಸಬೇಕು, ಆದರೆ ಒಡಲು ಸಾಕಷ್ಟು ಉದ್ದವಿದ್ದರೆ ಮಾತ್ರ. ನೆಲದಿಂದ ಹಾರಿ ನೆಟ್ಟಗೆ ಇಳಿಯುವುದೇ ಮುಖ್ಯ ಕೆಲಸವಾದರೆ ವೆಂಜನ್ಸ್‌ನಂತೆ ಮೇಲೂ ಕೆಳಗೂ. ಈಗಾಗಲೇ ಇರುವ ವಿಮಾನವನ್ನು ಬದಲಿಸುತ್ತಿದ್ದರೆ, ಅಥವಾ ಎಂಜಿನ್‌ಗಳು ರೆಕ್ಕೆಯ ಮೇಲಿದ್ದರೆ ಮುಂಭಾಗದ ತೊಲೆಯ ಅಡಿ, ಜೊತೆಗೆ ತಾನಾಗಿ ಮೇಲೆತ್ತುವ ಟ್ರಿಮ್. ಶತ್ರುವಿನ ಯುದ್ಧವಿಮಾನಗಳು ಆಕಾಶದಲ್ಲಿ ಹೆಚ್ಚಿದ್ದು ಕಡಿದಾದ ಡೈವ್‌ಗೆ ಅವಕಾಶವೇ ಇಲ್ಲದಿದ್ದರೆ ಬ್ರೇಕನ್ನು ಬಿಚ್ಚಿ ತೂಕ ಉಳಿಸುವುದೂ ಒಂದು ಆಯ್ಕೆ. ಜರ್ಮನ್ನರು ಉದ್ದ ರೆಕ್ಕೆಯ ಯು 87 ಡಿ-5ರಲ್ಲಿ ನೆಲದ ದಾಳಿಯೇ ಮುಖ್ಯವಾದಾಗ ಹಾಗೆಯೇ ಮಾಡಿದರು.

ಡಾಂಟ್ಲೆಸ್‌ನ ಹೈನೆಮನ್ ಮಾತ್ರ ಇನ್ನೊಂದು ಜಾಗ ಕಂಡುಕೊಂಡ. 1945ರ ಮಾರ್ಚ್ 18ರಂದು ಮೊದಲು ಹಾರಿದ ಅವನ ಸ್ಕೈರೇಡರ್‌ನಲ್ಲಿ ಬ್ರೇಕುಗಳು ರೆಕ್ಕೆಯನ್ನು ಪೂರ್ತಿ ಬಿಟ್ಟು ಒಡಲಿಗೆ ಬಂದವು, ರೆಕ್ಕೆಯ ಹಿಂದೆ ಎರಡು ಪಕ್ಕಗಳಲ್ಲಿ ಒಂದೊಂದು, ಹೊಟ್ಟೆಯಡಿ ಒಂದು. ನಡುಗೆರೆಗೆ ಹತ್ತಿರವಾದ್ದರಿಂದ ಉರುಳುವ ಚಿಂತೆ ಕಡಿಮೆ, ರೆಕ್ಕೆಯ ಅಡಿ ಪೂರ್ತಿ ಖಾಲಿಯಾಗಿ ಬಾಂಬು ಮತ್ತು ರಾಕೆಟ್ ತೂಗಿಸಲು ಸಿಕ್ಕಿತು. ಯುದ್ಧ ಮುಗಿಯುವ ಮೊದಲು ಅದು ಕದನಕ್ಕೆ ಬರಲಿಲ್ಲ.

ಮಾದರಿ ವಿಮಾನ ಕಟ್ಟುವವರು ಈ ಹೋಲಿಕೆಯಿಂದ ಎರಡು ವಿವರಗಳನ್ನು ಗಮನಿಸಬಹುದು. ನೌಕೆಗೆ ಇಳಿಯುತ್ತಿರುವ ಡಾಂಟ್ಲೆಸ್ ಮಾಡುವಾಗ ರೆಕ್ಕೆಯ ಮೇಲಿನ ಫ್ಲ್ಯಾಪ್ ಮುಚ್ಚಿರಬೇಕು, ಕೆಳಗಿನದ್ದು ಮಾತ್ರ ತೆರೆದಿರಬೇಕು. ಯು 87 ಮಾಡುವಾಗ ಪೆಟ್ಟಿಗೆಯಲ್ಲಿ ಬ್ರೇಕಿನ ಪಟ್ಟಿ ಇದೆಯೆಂದು ಅಂಟಿಸುವ ಮೊದಲು ಅದು ಯಾವ ಮಾದರಿ, ಯಾವ ಕೆಲಸಕ್ಕೆ ನಿಯೋಜಿತವಾದದ್ದು ಎಂದು ನೋಡಿಕೊಳ್ಳಬೇಕು.